ಎಡಗೈ ಗೆರೆ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸು, ಮೂರನೇ ಓಣಿ.
ವೆಲ್ಡಿಂಗಿನವನ ಕಿಡಿ ತಪ್ಪಿಸಿಕೊಂಡು ಬಂದು ನಿಂತಿತು
ಕೆಂಪು ಜೆನ್ನು.
ನಂಬರು ನೋಡುವ ಮೊದಲೇ ಗುರುತು ಸಿಕ್ಕಿತು:
ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ
ಜೋಡಿ ಕಪ್ಪು ಪಟ್ಟಿ, ತುದಿಯಲ್ಲಿ ಬಾಲ ಸೀಳಿದ ಬೆಂಕಿ.

"ಇದನ್ನೆಲ್ಲ ತೆಗೆದುಬಿಡಿ" ಅಂದರು
ದೊಡ್ಡಾಸ್ಪತ್ರೆಯ ನರ್ಸು ಜಸಿಂತಾ.
"ನೈಟ್ ಡ್ಯೂಟಿಗೆ ಹೋಗೋ ಗಾಡಿ. ಬೆಂಕಿ ಯಾಕೆ?"

ತೆಗೆಯುವುದೇನು ದೊಡ್ಡದಲ್ಲ.
ಬಿಸಿಗಾಳಿಯ ಗನ್ನು ಗೇಣು ದೂರ ಹಿಡಿದು
ಉಗುರಲ್ಲಿ ತುದಿ ಎಬ್ಬಿಸಿ, ಅವಸರವಿಲ್ಲದೆ
ಬಾಳೆಯ ನಾರು ಸುಲಿದಂತೆ ಸುಲಿಯಬೇಕು.
ಅಂಟು ಉಳಿದರೆ ಸೀಮೆಎಣ್ಣೆ, ಹಳೇ ಬನಿಯನ್ನು.
ಹುಡುಗ ದಸ್ತಗೀರ ಒಂದು ಬದಿ, ನಾನೊಂದು ಬದಿ,
ಮಧ್ಯಾಹ್ನದ ಚಾ ಬರುವಷ್ಟರಲ್ಲಿ
ಬೆಂಕಿ ಮುದುಡಿ ಉಂಡೆಯಾಗಿ ಡಬ್ಬಕ್ಕೆ ಬಿತ್ತು.

ಪಟ್ಟಿ ಮಾತ್ರ ಹೋಗಲಿಲ್ಲ.

ಹದಿನೆಂಟು ವರ್ಷ ಬಿಸಿಲು ಕುಡಿದ ಕೆಂಪು
ಸುತ್ತ ಮಾಸಿ ಇಟ್ಟಿಗೆಯಾಗಿದೆ.
ಸ್ಟಿಕ್ಕರಿನಡಿ ಬಚ್ಚಿಟ್ಟುಕೊಂಡದ್ದು
ಆಗ ತಾನೇ ಒಡೆದ ಮುರುಗಲ ಹಣ್ಣು.
ಕಪ್ಪು ಹೋಗಿ, ಕೆಂಪಿನ ಮೇಲೆ ಕೆಂಪು ಪಟ್ಟಿ.
"ಕಲೆ ಯಾವುದು ಉಸ್ತಾದ್, ಇದಾ, ಅದಾ?"
ಹುಡುಗ ಚುರುಕು.
"ಗೆರೆ ಉಜ್ಜಬೇಡ. ಗೆರೆ ಚೆನ್ನಾಗಿದೆ.
ಗೆರೆಯಾಚೆಯ ಬಿಸಿಲು ಉಜ್ಜು."

ಎರಡು ಸಾವಿರದ ಕಾಗದ, ಬಕೆಟ್ ನೀರು, ಒಂದು ಹನಿ ಶಾಂಪೂ.
ಆಮೇಲೆ ಕಾಂಪೌಂಡು, ಆಮೇಲೆ ಉಣ್ಣೆಯ ಬಫ್ಫು.
ಏಣುಗಳಲ್ಲಿ ಒತ್ತಬೇಡ, ಬಣ್ಣ ತೆಳು, ತಗಡು ಕಂಡೀತು.
ನೀರು ಗುಲಾಬಿಯಾಗಿ ಚರಂಡಿಗಿಳಿಯಿತು
ಷಡಾಕ್ಷರಿಯ ಅಷ್ಟೂ ಬಿಸಿಲು.

ಷಡಾಕ್ಷರಿಯ ವಿಷಯ ನಾನು ನರ್ಸಮ್ಮನಿಗೆ ಹೇಳಿಲ್ಲ.
ನೆಹರೂ ರಸ್ತೆಯ ಔಷಧಿ ಅಂಗಡಿಯವ, ರ‍್ಯಾಲಿ ಹುಚ್ಚು,
ಒಂದು ರ‍್ಯಾಲಿಗೂ ಹೋದವನಲ್ಲ.
ಕಟಿಂಗ್ ಮೆಶಿನ್ನು ಇನ್ನೂ ನನ್ನ ಕೈಗೆಟುಕದ ಕಾಲ,
ಗಾಡಿಯ ಮೈಮೇಲೇ ರೋಲು ಹಾಸಿ ಬ್ಲೇಡಲ್ಲಿ ಕೊಯ್ದದ್ದು.
ಅವನದೊಂದು ಜೋಕು, ನನ್ನ ನಗು, ಆಗಲೇ ಕರೆಂಟು ಹೋಗಿ
ಬ್ಲೇಡು ಸ್ಟಿಕ್ಕರು ದಾಟಿ ಕೆಳಗಿಳಿಯಿತು.
ಎರಡನೇ ಪಟ್ಟಿ ಮೇಲೆ ಬಂತು, ಮುಚ್ಚಿತು.
ದುಡ್ಡು ಎಣಿಸಿಕೊಂಡೆ.

ಈಗ ಬಾಗಿಲ ಹಿಡಿಕೆಯ ಕೆಳಗೆ
ಗೇಣುದ್ದ ಒಂದು ಕೂದಲು, ಕೂದಲ ಬುಡದಲ್ಲಿ ತುಕ್ಕು.
ಬಫ್ಫಿಗೆ ಬಗ್ಗುವುದಲ್ಲ.

"ಅಂಟಿಸಿದವನು ಯಾರೋ ಕೈ ಬರದವನು" ಎಂದೆ
ಅವರು ಹಗಲು ನಿದ್ದೆ ಮುಗಿಸಿ ಬಂದಾಗ.
ಮಾತು ಸಲೀಸಾಗಿ ಬಂತು.

ಜಸಿಂತಾ ಬಗ್ಗಿದರು, ಕನ್ನಡಕ ಹಣೆಗೇರಿಸಿ,
ಗಾಯ ನೋಡಿ ಅಭ್ಯಾಸವಿರುವವರ ಹಾಗೆ, ಮುಟ್ಟದೆ.
"ಶುರು ಇಲ್ಲಿ, ಆಳ. ಅಲ್ಲಿ ಹಗುರಾಗಿ ಬಿಟ್ಟಿದ್ದಾರೆ.
ಬಲದಿಂದ ಎಡಕ್ಕೆ. ಎಡಗೈಯವರು."

ತುಕ್ಕು ಕೆರೆದು, ಪ್ರೈಮರು ಸವರಿ ಆಗಿತ್ತು.
ಬೆಂಕಿಕಡ್ಡಿಯ ತುದಿಯಲ್ಲಿ ಬಣ್ಣ ಅದ್ದಿ
ಸೀಳಿಗೆ ಹನಿಹನಿ ಇಡುತ್ತಿದ್ದೆ.
ಕಡ್ಡಿ ಯಾವ ಕೈಯಲ್ಲಿದೆ ಎಂದು
ಇಬ್ಬರೂ ಒಟ್ಟಿಗೇ ನೋಡಿದೆವು.

ಪಕ್ಕದಲ್ಲಿ ವೆಲ್ಡಿಂಗು ನಿಂತಿತು, ಮತ್ತೆ ಶುರುವಾಯಿತು.

"ಒಣಗೋಕೆ ಎಷ್ಟು ದಿನ?"
"ಥಂಡಿ ಗಾಳಿ. ಎರಡು ದಿನ. ಆಮೇಲೆ ಇನ್ನೊಂದು ಹನಿ.
ಮೂರು ಸಲ ಆದರೆ ಮಟ್ಟಕ್ಕೆ ಬರುತ್ತೆ."
"ಪೂರ್ತಿ ಹೋಗುತ್ತಾ?"
"ಗೊತ್ತಿದ್ದವರಿಗೆ ಕಾಣುತ್ತೆ."
"ಹಾಗಾದ್ರೆ ನಮ್ಮಿಬ್ಬರಿಗೆ" ಅಂದು
ಆಟೋಗೆ ಕೈ ಅಡ್ಡ ಹಿಡಿದರು.

ಬಿಲ್ಲು ಬರೆದೆ. ಸ್ಟಿಕ್ಕರ್ ತೆಗೆದದ್ದು, ಇಷ್ಟು.
ಉಜ್ಜಿದ್ದು, ಪಾಲಿಶು, ಇಷ್ಟು.
ಬಾಗಿಲ ಗೆರೆ ಎಂದು ಬರೆದು
ಮುಂದೆ ಜಾಗ ಬಿಟ್ಟೆ.

"ರೇಟು ಮರೆತಿರಿ ಉಸ್ತಾದ್" ಎಂದ ದಸ್ತಗೀರ.
ಚಾ ಲೋಟ ತೊಳೆಯಲು ಕಳಿಸಿದೆ.