ಕಳೆ

ಕೂನಬರಬ್ರನ್, ಬೆಳಗಿನ ಜಾವ ಮೂರು.
ಹೀಟರಿಗೆ ಕಾಲೊಡ್ಡಿ ಲಿನೆಟ್ ಗುಮ್ಮಟ ತಿರುಗಿಸುತ್ತಾಳೆ.
ನನಗೆ ಸಣ್ಣ ಕೆಲಸ, ಕಳೆಯುವುದು.

ಒಂದು ಚಿತ್ರ, ಜಲಜನಕದ ಕೆಂಪು ಗೆರೆಯಷ್ಟೇ ಅಗಲದ ಫಿಲ್ಟರಿನಲ್ಲಿ;
ಇನ್ನೊಂದು, ಅದರ ಪಕ್ಕದ ಬರೀ ಬೆಳಕಿನಲ್ಲಿ.
ಅದರಿಂದ ಇದನ್ನು ಕಳೆದರೆ
ನಕ್ಷತ್ರಗಳೆಲ್ಲ ಉದುರಿ
ನೆರೆಯ ಗೆಲಾಕ್ಸಿಯ ತೋಳಿನುದ್ದಕ್ಕೂ
ಮೋಡವಷ್ಟೇ ಉಳಿಯುತ್ತದೆ,
ಎಳೆ ತಾರೆಗಳ ಉರಿಗೆ ಎಲೆಕ್ಟ್ರಾನು ಕಳಚಿಕೊಂಡು
ಮತ್ತೆ ಕೂಡುವಾಗ ಕೆಂಪೇರುವ ಮೋಡ.

"ಇದೇನು, ಕಪ್ಪು ತೂತು?" ಲಿನೆಟ್ ಬಗ್ಗಿದಳು.
ಕೈ ಮುಂದಾಗಿ ಹೆಚ್ಚೇ ಕಳೆದಿದ್ದೆ.
ಗುಣಕ ಕೂದಲೆಳೆಯಷ್ಟು ಇಳಿಸಿದೆ,
ತೂತು ತುಂಬಿತು.

ಹೊಲದಲ್ಲಿ ಕಿತ್ತೆಸೆಯುವುದಕ್ಕೂ ಮುಖದಲ್ಲಿ ಹೊಳೆಯುವುದಕ್ಕೂ
ನಮ್ಮ ನುಡಿಯಲ್ಲಿ ಇದೇ ಮಾತು,
ಹೇಳಬೇಕೆಂದಿದ್ದೆ.
ಅಷ್ಟರಲ್ಲಿ ಮೋಡ, ಇದು ನಮ್ಮದೇ, ನೀರಿನದು,
ವಾರಂಬಂಗಲ್ ಬೆಟ್ಟ ಹತ್ತಿ ಬಂತು.
ಕಿಂಡಿ ಮುಚ್ಚಿದಳು.