ಒತ್ತಿದ್ದು ಯಾರು

ವಾರಿಜಕ್ಕ ಬಂದದ್ದು ಮಧ್ಯಾಹ್ನ, ಐಸ್ ಗಾಡಿಗಳ ಗದ್ದಲ ಇಳಿದ ಮೇಲೆ.
ಸೆರಗಿನ ಗಂಟಿನಲ್ಲಿ ಹಣ,
ಬೆರಳ ಸಂದಿಯಲ್ಲಿ ಇನ್ನೂ ಬಂಗುಡೆಯ ಹೊಳಪು.
"ಒಂದಕ್ಕೆ ಮಾತ್ರ ದುಡ್ಡುಂಟು, ಬೊಗ್ಗು.
ವಯರ್‌ಲೆಸ್ಸಾ, ಆ ಸ್ಯಾಟಲೈಟಿನ ಪೆಟ್ಟಿಗೆಯಾ?
ಹೇಳು, ಯಾವುದು ಉಳಿಸ್ತದೆ?"

ಮಲ್ಪೆ ಬಂದರಿನ ಈ ಆರಡಿ ಅಂಗಡಿಯಲ್ಲಿ
ಇಪ್ಪತ್ತಾರು ವರ್ಷ ಬೆಸುಗೆಯ ಹೊಗೆ ಕುಡಿದವನು ನಾನು.
ಉಪ್ಪು ತಿಂದ ಮೈಕು, ಜಿರಳೆ ಮೊಟ್ಟೆಯಿಟ್ಟ ಸ್ಪೀಕರು,
ಎಲ್ಲದರ ಹೊಟ್ಟೆ ಬಿಚ್ಚಿ ನೋಡಿದ್ದೇನೆ.
ಉಳಿಸುವುದು ಯಾವುದೆಂದು
ಯಾವ ಹೊಟ್ಟೆಯಲ್ಲೂ ಬರೆದಿರಲಿಲ್ಲ.

ಆದರೂ ಹೇಳಿದೆ, ವ್ಯಾಪಾರಿ ತಾನೆ:
ವಯರ್‌ಲೆಸ್ಸಿನ ಮಾತು ನೋಟದ ಹಾಗೆ, ನೇರ ಹೋಗ್ತದೆ,
ಕಡಲು ಬಾಗುವಲ್ಲಿ ಮುಗೀತದೆ.
ಇಪ್ಪತ್ತು ಮೈಲು. ಆಂಟೆನಾ ಎತ್ತರ ಇದ್ದರೆ ಇನ್ನೊಂದೈದು.
ನಿಮ್ಮ ತಮ್ಮ ಓಬಯ್ಯ ಹೋಗುವುದು ಅದರಾಚೆ, ಹತ್ತು ದಿನ.
ಪೆಟ್ಟಿಗೆಗೆ ಆ ಲೆಕ್ಕ ಇಲ್ಲ. ಮೇಲೆ ಆಕಾಶ ಇದ್ದರೆ ಸಾಕು,
ಎಲ್ಲಿಂದಲೂ ನಿಮ್ಮ ಮೊಬೈಲಿಗೆ ಬರ್ತದೆ
ಅಕ್ಷರ. ಸ್ವರ ಅಲ್ಲ.
ಗುಂಡಿ ಮೂರು: ಎಲ್ಲ ಸರಿ. ತಡ ಆಗ್ತದೆ. ಕಾಪಾಡಿ.

"ಬೇರೆಂತ ಹೇಳಲಿಕ್ಕೆ ಆಗುದಿಲ್ವಾ?"
ಟೈಪು ಮಾಡಬಹುದು.
"ಓಬಯ್ಯನಾ!" ಅಂದು ಸುಮ್ಮನಾದಳು.
ಅವನ ಬೆರಳು ನಾನೂ ನೋಡಿದ್ದೇನೆ.
ಒಂದನ್ನು ಬಲೆಯ ಹಗ್ಗ ಒಯ್ದಿದೆ,
ಉಳಿದವು ಒಮ್ಮೆಗೇ ಎರಡು ಗುಂಡಿ ಒತ್ತುವಷ್ಟು ದಪ್ಪ.

ಅವಳಿಗೆ ಹೇಳದೆ ಬಿಟ್ಟದ್ದು ಇದು:
ವಯರ್‌ಲೆಸ್ಸಿನಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ.
ಅಂಜಲ್ ಬಿದ್ದರೆ "ಎಂತ ಸಾವೂ ಇಲ್ಲ ಇಲ್ಲಿ",
ರಾಣಿಮೀನಿನ ಹಿಂಡಿನ ಮೇಲೆ ನಿಂತು "ಬರೀ ಕಸ ಮಾರಾಯ".
ಮೀನಿನ ವಿಷಯದಲ್ಲಿ ಸತ್ಯ ಹೇಳಿದ ತಾಂಡೇಲನನ್ನು
ನಾನಿನ್ನೂ ಕೇಳಿಲ್ಲ.
ಆದರೆ ಒಮ್ಮೆ, ಆಗಸ್ಟಿನಲ್ಲಿ, ರಾತ್ರಿ ಎರಡಕ್ಕೆ
ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಸೆಟ್ಟು ಕೆಮ್ಮಿ ಎದ್ದಿತು.
ಹದಿನಾರನೇ ಚಾನೆಲ್.
ಬೈಗುಳವಿಲ್ಲ, ಮಾರಾಯ ಇಲ್ಲ.
ಬೋಟಿನ ಹೆಸರು, ಮತ್ತೆ ನೀರು ಎಲ್ಲಿವರೆಗೆ ಎಂಬುದು.
ಸೊಂಟ ಅಂದ. ಸ್ವಲ್ಪ ಹೊತ್ತಿಗೆ ಎದೆ ಅಂದ.
ದ್ವೀಪದಾಚೆ ಕತ್ತಲಲ್ಲಿ ನಾಲ್ಕು ಬೋಟು
ಬಲೆ ಕಡಿದು ತಿರುಗಿದವು,
ಸುಳ್ಳುಗಾರರು, ನಾಲ್ವರೂ.

ವಾರಿಜಕ್ಕ ಪೆಟ್ಟಿಗೆಯನ್ನೇ ಕೊಂಡಳು.
"ಹಳೇ ಸೆಟ್ಟು ಹೇಗಾದ್ರೂ ನಡೆಸು, ದುಡ್ಡು ಮತ್ತೆ."
ನಡೆಸಿಕೊಟ್ಟೆ. ಮತ್ತೆ ಅನ್ನುವುದು ಇನ್ನೂ ಬಂದಿಲ್ಲ.

ನಾಲ್ಕನೇ ದಿನ ಬೆಳಕು ಹರಿಯುವ ಮುಂಚೆ
ಅರ್ಧ ಎತ್ತಿದ ಶಟರಿನಡಿ ನುಸುಳಿ ಬಂದಳು.
ಕೈಯಲ್ಲಿ ಮೊಬೈಲು, ಹಿಡಿದದ್ದು ಮೀನಿನ ಹಾಗೆ, ಜಾರದಂತೆ.
"ಎಲ್ಲ ಸರಿ ಅಂತ ಬಂದುಂಟು."
ಒಳ್ಳೇದಾಯ್ತಲ್ಲ ಅಕ್ಕ.
"ಒತ್ತಿದ್ದು ಯಾರು?"
ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.
"ರಾತ್ರಿ ಮೂರು ಗಂಟೆಗೆ ಯಾರಿಗೆ ಎಲ್ಲ ಸರಿ ಇರ್ತದೆ?"

ಸೆಟ್ಟು ಹಾಕಿ ಹತ್ತಿರದ ಬೋಟನ್ನು ಕರೆದೆ.
ಅದು ಇನ್ನೊಂದನ್ನು, ಅದು ಭಟ್ಕಳದ ನೇರಕ್ಕಿದ್ದ ಮತ್ತೊಂದನ್ನು.
ಮಾತು ಬೋಟಿನಿಂದ ಬೋಟಿಗೆ ಹಾರುತ್ತ ಹೋಯಿತು.
ಅವಳು ಬ್ಯಾಟರಿಯ ರಟ್ಟಿನ ಮೇಲೆ ಕೂತಳು.
ತಂದ ಚಾ ಕೆನೆಗಟ್ಟಿತು.
ಕಾಗೆಗಳು ಹರಾಜಿನ ಕಟ್ಟೆಗೆ ಇಳಿದವು.

ಕೊನೆಗೆ, ಮೂರು ಬಾಯಿ ದಾಟಿ, ಕೆರೆಯುತ್ತ:
"ಓಬಯ್ಯಣ್ಣ ಸಿಕ್ಕಿದ್ರು. ಮೀನೇ ಇಲ್ವಂತೆ.
ಡೀಸೆಲ್ ದಂಡವಂತೆ. ಒಂದು ರಾಣಿಯೂ ಕಾಣ್ಲಿಲ್ವಂತೆ."

"ಸುಳ್ಳ!" ಅಂದಳು ವಾರಿಜಕ್ಕ.
ಎರಡೂ ಅಂಗೈಯಲ್ಲಿ ಮುಖ ಮುಚ್ಚಿ
ಎಷ್ಟೋ ಹೊತ್ತು ಭುಜ ಕುಲುಕುತ್ತಿತ್ತು.
ಮತ್ತೆ ಎದ್ದು, ತಣ್ಣಗಾದ ಚಾ ಒಂದೇ ಗುಟುಕಿಗೆ ಕುಡಿದು,
ಐಸಿನವನಿಗೆ
ಇನ್ನಿಪ್ಪತ್ತು ಬ್ಲಾಕು ಜಾಸ್ತಿ ಹೇಳಲಿಕ್ಕೆ ಹೋದಳು.