ಅಂಚಿನ ಮೇಲಿನ ಅಂಕಿ

ಬಾ ಜುಂಬೆರ್, ಬಾಗಿಲಲ್ಲೇ ನಿಂತು
ಬೆಲೆ ಕೇಳಬೇಡ.
ತ್ಬಿಲಿಸಿಯ ಈ ಬಿಡಿಭಾಗದ ಸಂತೆಯಲ್ಲಿ,
ಈ ತಗಡಿನ ಗೂಡಿನಲ್ಲಿ
ನನಗಿದು ಹತ್ತೊಂಬತ್ತನೆಯ ಚಳಿಗಾಲ.
ಸದ್ದು ಕೇಳಿಯೇ ಹೇಳಬಲ್ಲೆ
ಯಾರ ವ್ಯಾನು ಬಂತು, ಯಾವ ಗಾಲಿ ಅಳುತ್ತಿದೆ ಎಂದು.

ನಿನ್ನದು ಮುಂದಿನ ಎಡಗಾಲಿ.

ಪ್ಯಾಡು ಸಾಕು, ಡಿಸ್ಕು ಬೇಡ ಅನ್ನುತ್ತೀ.
ಮುರಿದ ಕಾಲಿಗೆ ಹೊಸ ಮೆಟ್ಟು ತೊಟ್ಟು
ಜ್ವಾರಿ ಘಾಟಿ ಇಳಿಯುತ್ತೀಯಾ,
ಹಿಂದಿನ ಸೀಟುಗಳಲ್ಲಿ ಹದಿನಾರು ಜನರನ್ನು ಕೂರಿಸಿಕೊಂಡು?
ಇಲ್ಲಿ ಬಗ್ಗು. ಉಗುರಿಟ್ಟು ಎಳೆ, ನಡುವಿಂದ ಹೊರಕ್ಕೆ.
ತಡೆಯಿತಲ್ಲ?
ಅಕ್ರೋಟು ಜಜ್ಜಿ ಜಜ್ಜಿ ಗುಳಿಬಿದ್ದ
ನನ್ನಜ್ಜಿಯ ಒರಳಿಗೂ ಇಂಥದೇ ತುಟಿಯಿತ್ತು.

ಅಂಚಿನ ತುಕ್ಕು ಒರೆಸಿ ಓದು:
ಕನಿಷ್ಠ ಇಪ್ಪತ್ತೆರಡು.
ನನ್ನ ಅಳತೆಗೋಲು ಇಪ್ಪತ್ತೊಂದೂವರೆಗೆ ನಿಂತಿದೆ.
ಅರ್ಧ ಮಿಲಿಮೀಟರು ತಾನೇ ಎಂದು ನಗಬೇಡ.
ನಿನ್ನ ಮದುವೆಯ ಕರೆಯೋಲೆ ಅಷ್ಟೇ ದಪ್ಪವಿತ್ತು,
ಎತೆರಿಯನ್ನು ಕೇಳು, ಅದರ ಭಾರ ಎಷ್ಟೆಂದು.

ಚರ್ಚು ಕಂಡಲ್ಲೆಲ್ಲ ನೀನು ಮೂರು ಸಲ
ಎದೆಯ ಮೇಲೆ ಶಿಲುಬೆ ಬರೆಯುತ್ತೀ,
ನೋಡಿದ್ದೇನೆ, ಸ್ಟೇರಿಂಗ್ ಬಿಟ್ಟು, ತಿರುವಿನಲ್ಲೇ.
ಬೇಡ ಅನ್ನೊಲ್ಲ, ನಾನೂ ಬರೆಯುತ್ತೇನೆ.
ಆದರೆ ಅಷ್ಟು ಹೊತ್ತು ಗಾಡಿಯನ್ನು ಹಿಡಿದಿರುವವರು ಯಾರು?

ಈ ಪೆಟ್ಟಿಗೆ ನೂರೈವತ್ತು, ಆ ಪೆಟ್ಟಿಗೆ ನಲವತ್ತು.
ಬಣ್ಣ ಒಂದೇ, ಮುದ್ರೆ ಒಂದೇ,
ಹೆಸರಿನ ಕೊನೆಯ ಅಕ್ಷರ ಮಾತ್ರ ಕುಂಟುತ್ತಿದೆ.
ಅಗ್ಗದ ಜೋಳ ಯಾವತ್ತೂ ಮುಗ್ಗಲೇ, ಮಾರಾಯ.
ತೂತು ಕೊರೆದದ್ದು ತೋರಿಸು ಅಂತೀಯಾ?
ಅದು ರಾತ್ರಿ ಹೊತ್ತು ಹುಡುಗಿಯರ ಮನೆಮುಂದೆ
ಗಿರಕಿ ಹೊಡೆಯುವ ಹುಡುಗರಿಗೆ.
ಘಾಟಿಯ ಕಾವಿಗೆ ತೂತಿಂದ ತೂತಿಗೆ ಬಿರುಕು ಹರಿಯುತ್ತದೆ.
ನಿನಗೆ ಇದು, ನಡುವೆ ಗಾಳಿಯಾಡುವ ಎರಡು ಪದರದ್ದು.
ಎಡಕ್ಕೊಂದು ಬಲಕ್ಕೊಂದು, ಒಂದೇ ದಿನ.
ಒಂದೇ ಬದಿಗೆ ಹಾಕಿದೆಯೋ,
ಸೋದರಳಿಯನ ಮದುವೆ ಮುಗಿಸಿ ಬಂದ ನಿನ್ನ ಹಾಗೆ
ಗಾಡಿ ಓರೆ ನಡೆಯುತ್ತದೆ.

ಹಾಕುವ ಮುಂಚೆ ಎಣ್ಣೆ ಪಸೆ ಒರೆಸು,
ಕೂರುವ ಜಾಗದ ತುಕ್ಕು ತಂತಿ ಬ್ರಷ್ಷಿನಲ್ಲಿ ಉಜ್ಜು.
ಜಾರುವ ಪಿನ್ನಿಗೆ ಗ್ರೀಸು, ಪ್ಯಾಡಿನ ಮುಖಕ್ಕಲ್ಲ!
(ಹೋದ ವರ್ಷ ಒಬ್ಬ ಬಳಿದ.
ಆಸ್ಪತ್ರೆಯಿಂದ ಫೋನು ಮಾಡಿ ನನ್ನನ್ನೇ ಬೈದ.)
ಮೊದಲ ದಿನ ಖಾಲಿ ರಸ್ತೆ ಹುಡುಕು,
ಅರವತ್ತರಿಂದ ಇಪ್ಪತ್ತಕ್ಕೆ, ಮೆಲ್ಲಗೆ, ಇಪ್ಪತ್ತು ಸಲ.
ನಡುನಡುವೆ ಸುಮ್ಮನೆ ಓಡಿಸು, ಗಾಳಿ ಕುಡಿಯಲಿ.
ಬಿಸಿಯಲ್ಲಿ ಪೆಡಲು ಒತ್ತಿ ನಿಂತೆಯೋ
ನಿಂತಲ್ಲೇ ಕಲೆ ಕೂರುತ್ತದೆ, ಆಮೇಲೆ ಸ್ಟೇರಿಂಗ್ ನಡುಗುತ್ತದೆ.
ಇಳಿಜಾರಿನಲ್ಲಿ ಎರಡನೇ ಗೇರು.
ಎಲ್ಲ ಭಾರವನ್ನೂ ಒಬ್ಬರ ಮೇಲೇ ಹೇರಬಾರದು,
ಕಬ್ಬಿಣವೇ ಆದರೂ.

ಎಣಿಸಿದೆಯಾ? ಮೂವತ್ತು ಕಡಿಮೆ.
ಬರೆದಿಡುತ್ತೇನೆ. ಟೋಪಿ ಹಾಕಿಕೋ, ಹೊರಗೆ ಹಿಮ.

*

ಅಯ್ಯೋ, ಯಾವಾಗ ಬಂದೆ?
ಗಾಡಿಯ ಸದ್ದೇ ಕೇಳಲಿಲ್ಲ.
ಇದೇನು ಜಾಡಿ? ಬೀಟ್‌ರೂಟಿನಲ್ಲಿ ಕೆಂಪೇರಿದ ಎಲೆಕೋಸು!
ಎತೆರಿಯ ಕೈಯದೇ, ಬೆಳ್ಳುಳ್ಳಿಯ ಘಾಟೇ ಹೇಳುತ್ತದೆ.
ಪೀಪಾಯಿಯ ಹಲಗೆಯ ಮೇಲೆ ಹೇರಿಟ್ಟ ಭಾರ
ನಾನು ಬೇಡವೆಂದ ಆ ಹಳೆಯ ಡಿಸ್ಕುಗಳೇ?
ಸರಿ ಬಿಡು, ಎಲೆಕೋಸಿಗೆ
ಇಪ್ಪತ್ತೊಂದೂವರೆ ಧಾರಾಳ.

ಮೂವತ್ತು ಮಾತ್ರ ಹಾಗೇ ಇದೆ, ನೋಡು, ಪುಸ್ತಕದಲ್ಲಿ.